ಎಡಗೈಗೆ ತಿರುಗಿದ ಮಚ್ಚು

ಮಲೆಗಳಿಗೆ ಇನ್ನೂ ಕೂರುವ ಜಾಗ ಗೊತ್ತಾಗದೆ, ಹಸುವಿನ ಮಂದೆಯ ಹಾಗೆ ಬೆಳಗ್ಗೆ ಒಂದು ಕಡೆ ಬೈಗಿಗೆ ಇನ್ನೊಂದು ಕಡೆ ಅಡ್ಡಾಡುತ್ತಿದ್ದ ಕಾಲವಂತೆ ಅದು. ಆಗ ಮಣ್ಣಿನ ಹೊಟ್ಟೆಯೊಳಗೆ ಒಂದು ಕಬ್ಬಿಣದ ತುಂಡು ಮಲಗಿತ್ತು. ಅದಕ್ಕೆ ಕಣ್ಣಿರಲಿಲ್ಲ, ಬೆಂಕಿ ಬಂದು ಕಣ್ಣು ಕೊಟ್ಟಿತು. ಬುದ್ಧಿ ಇರಲಿಲ್ಲ, ನೀರು ಬಂದು ಬುದ್ಧಿ ಕೊಟ್ಟಿತು. ನಾಲಿಗೆ ಇರಲಿಲ್ಲ, ಕಲ್ಲು ಬಂದು ಉಜ್ಜಿ ಉಜ್ಜಿ ನಾಲಿಗೆ ಮಾಡಿಕೊಟ್ಟಿತು. ಎಲ್ಲ ಬಂದರೂ ಅದಕ್ಕೆ ಕೈ ಇರಲಿಲ್ಲ. ಕೈ ಹುಡುಕಿಕೊಂಡು ಮಲೆಯಿಂದ ಮಲೆಗೆ ಹೊರಟಿತು. ರಾಜನ ಕೈ ಸಿಕ್ಕಿತು, ಮೆತ್ತಗಿದೆ ಒಲ್ಲೆ ಅಂದಿತು. ಕಳ್ಳನ ಕೈ ಸಿಕ್ಕಿತು, ನಡುಗುತ್ತದೆ ಒಲ್ಲೆ ಅಂದಿತು. ಕೊನೆಗೆ ಒಬ್ಬಳು ಹೆಂಗಸು ಸೌದೆ ಹೊರೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಳು. ಅವಳ ಕೈ ನೋಡಿ, ಇದೇ ನನ್ನ ಮನೆ ಅಂತ ಹೋಗಿ ಕೂತುಬಿಟ್ಟಿತು.

"ಆಮೇಲೆ?" ಅಂತ ನಾನು ಕೇಳುತ್ತಿದ್ದೆ.

"ಆಮೇಲೆ ಯಾನ, ಅದು ಈಗ ನಮ್ಮ ಅಟ್ಟದ ಮೇಲದೆ. ಮಲಿಕ್ಕೊ," ಅನ್ನುತ್ತಿದ್ದಳು ನಮ್ಮಜ್ಜಿ ಪುಟ್ಟಮಲ್ಲಮ್ಮ.

ಧನಗೆರೆಯ ನಮ್ಮ ಮನೆಯಲ್ಲಿ ಕತೆ ಮುಗಿಯುತ್ತಿದ್ದದ್ದೇ ಹಾಗೆ. ಏಳು ಹೆಡೆಯ ಹಾವು ಕತೆಯಿಂದ ಇಳಿದು ಹಿತ್ತಲ ಹುತ್ತಕ್ಕೆ ಬರುತ್ತಿತ್ತು, ಮಾತಾಡುವ ಗಿಣಿ ನಮ್ಮ ಸೀಬೆಮರಕ್ಕೆ. ಅವುಗಳನ್ನೆಲ್ಲ ನಾನು ಕಣ್ಣಾರೆ ಕಂಡದ್ದಿಲ್ಲ. ಮಚ್ಚನ್ನು ಮಾತ್ರ ಕಂಡಿದ್ದೆ.

ಅದು ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಉದ್ದ ಇತ್ತು. ಬೆನ್ನು ಬೆರಳಿನಷ್ಟು ದಪ್ಪ. ತುದಿ ಗಿಣಿಮೂತಿಯ ಹಾಗೆ ಒಳಕ್ಕೆ ಬಾಗಿತ್ತು. ಮನೆಯಲ್ಲಿ ಕುಡ್ಲು, ಕೊಡಲಿ, ತೆಂಗಿನಕಾಯಿ ಸುಲಿಯುವ ಸಲಾಕಿ ಎಲ್ಲ ಇದ್ದವು. ಅವನ್ನು ಯಾರು ಬೇಕಾದರೂ ಮುಟ್ಟಬಹುದಿತ್ತು. ಮಚ್ಚು ಅಜ್ಜಿಯದು. ಅಮಾವಾಸ್ಯೆಗೊಮ್ಮೆ ಅದನ್ನು ಇಳಿಸಿ, ಬೂದಿ ಹಾಕಿ ಉಜ್ಜಿ, ಹರಳೆಣ್ಣೆ ಬಳಿದು, ಹಳೇ ಸೀರೆಯ ಚೂರಿನಲ್ಲಿ ಸುತ್ತಿಡುತ್ತಿದ್ದಳು. ಕೂಸಿಗೆ ನೀರು ಹಾಕಿ ಬಟ್ಟೆ ಸುತ್ತಿದ ಹಾಗೆ. ನಮ್ಮಪ್ಪ ಸದಾಶಿವಪ್ಪ, ಹೊಲಮನೆ ಎಲ್ಲಕ್ಕೂ ಯಜಮಾನ, ಅದನ್ನು ಕೇಳಿ ಪಡೆಯಬೇಕಾಗಿತ್ತು. ಕೇಳಿದರೂ ಹೆಚ್ಚು ಸಲ ಸಿಗುತ್ತಿರಲಿಲ್ಲ.

"ಇನ್ನೊಬ್ರ ಮೆಟ್ಟು ಕಾಲು ಕಚ್ತದೆ, ಇನ್ನೊಬ್ರ ಮಚ್ಚು ಕೈ ಕಚ್ತದೆ. ನಿನ್ನ ಕೊಡಲಿ ತಕಂಡೋಗಪ್ಪ," ಅನ್ನುತ್ತಿದ್ದಳು.

ಆ ಮಚ್ಚಿಗೆ ಒಂದು ಕೆಲಸವಿತ್ತು. ಆ ಕೆಲಸ ಹುಟ್ಟಿದ್ದು ನನ್ನಿಂದ.

ನಮ್ಮ ತಾಲೂಕು ಕೊಯಮತ್ತೂರು ಬಿಟ್ಟು ಮೈಸೂರಿಗೆ ಸೇರಿದ ವರ್ಷ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗಿದ್ದೆವು. ನಾನಿನ್ನೂ ಚಿಕ್ಕವಳು. ತಾಳಬೆಟ್ಟ ಹತ್ತಿ ಹೋಗುವಾಗ ಪರಿಸೆಯ ನೂಕುನುಗ್ಗಲಲ್ಲಿ ಅಜ್ಜಿಯ ಕೈ ತಪ್ಪಿತು. ಹಾದಿಯ ಪಕ್ಕದಲ್ಲಿ ಒಂದು ಸೀಗೆಮೆಳೆ. ಅದರ ಹಿಂದೆ ಬಂಡೆಯೊಳಗೆ ನೀರು ನಿಲ್ಲುವ ದೊಣೆ. ಹಿಂದಿನವರು ಅಲ್ಲಿ ನೀರು ಕುಡಿದು ದಣಿವಾರಿಸಿಕೊಂಡು ಹೋಗುತ್ತಿದ್ದರಂತೆ. ಆಮೇಲೆ ಮೆಳೆ ಬೆಳೆದು ಹಾದಿ ಮುಚ್ಚಿಹೋಗಿತ್ತು. ಮೊಲ ನುಸುಳುವ ಕಂಡಿಯಲ್ಲಿ ನುಸುಳಿ ನಾನು ದೊಣೆಯ ಹತ್ತಿರ ಹೋಗಿ ಕೂತಿದ್ದೆನಂತೆ. ಹೋದವಳಿಗೆ ವಾಪಸ್ಸು ಬರುವ ಕಂಡಿ ಕಾಣಲಿಲ್ಲ. ಅಜ್ಜಿಗೆ ನನ್ನ ದನಿ ಕೇಳುತ್ತಿತ್ತು, ನನಗೆ ಅಜ್ಜಿಯ ದನಿ. ನಡುವೆ ಮುಳ್ಳಿನ ಗೋಡೆ. ಅವಳು ಬರಿಗೈಯಲ್ಲಿ ಆ ಮುಳ್ಳು ಕಿತ್ತು ಕಿತ್ತು, ಸೆರಗೆಲ್ಲ ರಕ್ತ ಮಾಡಿಕೊಂಡಿದ್ದಳು. ಬಂಡೆಯ ಮೇಲಿಂದ ಸುತ್ತಿ ಬಂದು ಯಾರೋ ನನ್ನನ್ನು ಎತ್ತಿ ಕೊಡುವ ಹೊತ್ತಿಗೆ ಅವಳು ಹರಕೆ ಹೊತ್ತು ಆಗಿತ್ತು.

"ಮಾದಪ್ಪಾ, ಕೂಸ ಕೊಡು. ನಿನ್ನ ದೊಣೆ ಹಾದೀನ ನನ್ನ ಕೈಯಾರೆ, ನನ್ನ ಮಚ್ಚಲ್ಲೇ ಬುಡಿಸ್ಕೊಡ್ತೀನಿ."

ಸೀಗೆ ಸುಮ್ಮನೆ ಬಿಡುವ ಗಿಡ ಅಲ್ಲ. ಕಡಿದರೆ ಬುಡದಲ್ಲಿ ಮತ್ತೆ ಚಿಗುರುತ್ತದೆ. ಸುಗ್ಗಿ ಮುಗಿದ ಮೇಲೆ ವರ್ಷವರ್ಷವೂ ಅಜ್ಜಿ ಗಾಡಿ ಕಟ್ಟಿಸಿಕೊಂಡು ಹೋಗಿ ಕಡಿದಳು, ಬುಡ ಅಗೆದಳು, ಸುಟ್ಟಳು. ನಾನು ದೊಡ್ಡವಳಾಗುತ್ತಾ ಹೋದ ಹಾಗೆ ಹಾದಿ ಉದ್ದವಾಗುತ್ತಾ ಹೋಯಿತು. ಕೊನೆಗೆ ದೊಣೆಯ ಬಾಯಲ್ಲಿ ಒಂದೇ ಒಂದು ತಾಯಿಬಳ್ಳಿ ಉಳಿಯಿತು. ತೊಡೆಯ ಗಾತ್ರ, ಹೆಬ್ಬಾವಿನ ಹಾಗೆ ತಿರುಚಿಕೊಂಡದ್ದು. ಅದನ್ನು ಕೊನೆಗೆ ಇಟ್ಟದ್ದು ಲೆಕ್ಕಾಚಾರದಿಂದಲೇ. ಅದು ಮೊದಲು ಬಿದ್ದರೆ ಮೇಲಿನ ಮುಳ್ಳೆಲ್ಲ ಒಟ್ಟಿಗೆ ತಲೆಮೇಲೆ ಬೀಳುತ್ತಿತ್ತು.

"ಬರೋ ವರ್ಷ ನೀನು ಬಾ. ನಾ ಕಡಿಯೋದ ನೋಡು," ಅಂದಿದ್ದಳು.

ಆ ಬರೋ ವರ್ಷ ಬರುವ ಮೊದಲೇ, ಸಂಕ್ರಾಂತಿ ಕಳೆದ ಒಂದು ಬೆಳಗ್ಗೆ, ರಾಗಿ ಬೀಸುತ್ತಿದ್ದವಳ ಬಲಗೈ ಗೂಟ ಬಿಟ್ಟು ಜಾರಿತು. ಆ ಕೈ ಮತ್ತೆ ಮೇಲೇಳಲಿಲ್ಲ. ಬಾಯಿ ಸ್ವಲ್ಪ ಓರೆಯಾಗಿ ಸರಿಹೋಯಿತು. ಬಲಗಾಲು ಎಳೆಯುತ್ತಾ ನಡೆಯುವ ಹಾಗಾಯಿತು. ಬಲಗೈ ಮಾತ್ರ ಮಡಿಲಲ್ಲಿ ಮಲಗಿದ ಬೆಕ್ಕಿನ ಹಾಗೆ ಬಿದ್ದುಕೊಂಡಿತು.

ಎಡಗೈಯಲ್ಲಿ ಉಣ್ಣುವುದು ಕಲಿತಳು. ಪಕ್ಕದ ಮನೆ ಬಸವಮ್ಮ ನೋಡಲಾರದೆ, "ಎಡಗೈಲಿ ಉಂಡ್ರೆ ಅನ್ನಪೂರ್ಣೆ ಮುನಿಸ್ಕತಾಳಂತೆ ಕಣಕ್ಕ," ಅಂದಳು.

"ಮುನಿಸ್ಕಂಡೋಳು ನನ್ ಬಲಗೈ ವಾಪಸ್ ತಂದ್ಕೊಡ್ಲಿ. ಇಬ್ರಿಗೂ ಸರಿ ಓಯ್ತದೆ," ಅಂದಳು ಅಜ್ಜಿ, ಮುದ್ದೆ ಮುರಿಯುತ್ತಾ.

ಎಡಗೈಯಲ್ಲಿ ಹೂ ಬಿಡಿಸಿದಳು, ಬತ್ತಿ ಹೊಸೆದಳು, ಕೊನೆಗೆ ಹಿತ್ತಲಲ್ಲಿ ಬಾಳೆಗಿಡ ಕಡಿದಳು. ಬಾಳೆ ಬಿದ್ದದ್ದು ನೋಡಿ ಅಪ್ಪ ಗಾಡಿ ಕಟ್ಟಿದರು.

ಅವತ್ತು ದೊಣೆಯ ಹತ್ತಿರ ನಾನೂ ಇದ್ದೆ. ಅಜ್ಜಿ ಮಚ್ಚು ಎತ್ತಿ ತಾಯಿಬಳ್ಳಿಗೆ ಒಂದು ಏಟು ಹಾಕಿದಳು. ಮಚ್ಚು ಬಳ್ಳಿಯನ್ನು ಸವರಿಕೊಂಡು ಜಾರಿ, ಕೆಳಗಿನ ಬಂಡೆಗೆ ಬಡಿದು ಕಿಡಿ ಹಾರಿಸಿತು. ಅವಳ ಮೊಣಕಾಲಿಗೂ ಅದಕ್ಕೂ ನಡುವೆ ಸೀರೆಯ ನೆರಿಗೆಯಷ್ಟೇ ಜಾಗ. ಅಪ್ಪ ಮಚ್ಚು ತೆಗೆದುಕೊಂಡು ಅಲ್ಲೇ ಕಲ್ಲಿನ ಮೇಲೆ ಮಸೆದು, ಕೂದಲು ಕತ್ತರಿಸುವಷ್ಟು ಹರಿತ ಮಾಡಿ ಕೊಟ್ಟರು. ಮತ್ತೆ ಜಾರಿತು. ಮತ್ತೆ ಮಸೆದರು. ಹರಿತ ಹೆಚ್ಚಾದಷ್ಟೂ ಜಾರುವುದೂ ಹೆಚ್ಚಾಯಿತು. ಬಳ್ಳಿಯ ಮೈಮೇಲೆ ತೊಗಟೆ ಎದ್ದದ್ದು ಬಿಟ್ಟರೆ ಒಂದು ಕಚ್ಚೂ ಬೀಳಲಿಲ್ಲ. ಕಾಣದ ಕೈಯೊಂದು ಪ್ರತಿ ಏಟನ್ನೂ ಮೆಲ್ಲಗೆ ಬಲಕ್ಕೆ ತಳ್ಳುತ್ತಿದ್ದ ಹಾಗಿತ್ತು.

ಅಪ್ಪ ಕೈ ಮುಗಿದರು.

"ಸಾಕು ಬುಡವ್ವ. ಮಾದಪ್ಪನ ಹಾದಿ ಇದು. ಎಡಗೈ ಸೇವೆ ಅವ್ನು ಒಪ್ತಿಲ್ಲ."

ಅಜ್ಜಿ ಮಚ್ಚಿಗೆ ಅಂಟಿದ ತೊಗಟೆಯ ಚೂರು ಒರೆಸಿದಳು.

"ದೀಪಾವಳಿ ಪರಿಸೆಗೆ ಮುಂಚೆ ನಾನು ಬಂದು ಕಡೀತೀನಿ. ನೀನು ನನ್ನ ಭುಜ ಮುಟ್ಕಂಡು ನಿಂತ್ಕೊ. ನಿನ್ನ ಹೆಸ್ರಲ್ಲೇ ಆಯ್ತದೆ. ಅವ್ನೇನು ಲೆಕ್ಕ ಕೇಳ್ತಾನಾ?"

"ಕೇಳ್ದೆ ಇರೋಕೆ ಅವ್ನೇನು ನಿನ್ನಂಗೆ ಮರೆಗುಳಿನಾ," ಅಂದಳು. ಧನಗೆರೆ ಬರುವವರೆಗೆ ಗಾಡಿಯಲ್ಲಿ ಅದೊಂದೇ ಮಾತು.

ಅಂದಿನಿಂದ ಅವಳು ಕತೆ ಹೇಳುವುದನ್ನೇ ಬಿಟ್ಟಳು. ಹತ್ತೊಂಬತ್ತು ತುಂಬಿದ ನನಗೆ ಕತೆ ಬೇಕೇ ಅಂತ ಯಾರಾದರೂ ನಗಬಹುದು. ಬೇಕಿತ್ತು. ಆ ಮನೆಯಲ್ಲಿ ಕತೆ ಇಲ್ಲದೆ ನಿದ್ದೆ ಮಾಡಿ ನನಗೆ ಗೊತ್ತಿರಲಿಲ್ಲ. ನಾನೂ ಒಳಗೊಳಗೆ ಅಪ್ಪ ಹೇಳಿದ್ದನ್ನೇ ನಂಬಿದ್ದೆ. ದೇವರು ನಮ್ಮಜ್ಜಿಯ ಕೈ ಒಲ್ಲೆ ಅಂದನಲ್ಲ ಅಂತ ಅವಳ ಮುಖ ನೋಡಲು ಹೆದರಿಕೆ. ಅವಳಿಗೂ ಅದೇ ಹೆದರಿಕೆ ಇತ್ತೆಂದು ಕಾಣುತ್ತದೆ. ಸಂಜೆ ವಿಭೂತಿ ಇಟ್ಟುಕೊಳ್ಳುವಾಗ ಎಡಗೈ ಹಣೆಯ ಹತ್ತಿರ ಹೋಗಿ ಒಂದು ಗಳಿಗೆ ನಿಲ್ಲುತ್ತಿತ್ತು.

ಹೀಗೇ ಇರುವಾಗ ಒಂದು ದಿನ ಹಿತ್ತಲಿಗೆ ಹೊರಟವಳು ಬಾಗಿಲಲ್ಲಿ ಮುಗ್ಗರಿಸಿದಳು. ಓಡಿ ಹೋಗಿ ಹಿಡಿದೆ. ಮೆಟ್ಟುಗಳನ್ನು ತಿರುವುಮುರುವಾಗಿ ಮೆಟ್ಟಿದ್ದಳು, ಬಲಗಾಲಿನದು ಎಡಕ್ಕೆ, ಎಡಗಾಲಿನದು ಬಲಕ್ಕೆ. ಅವಳು ಹೊಸ್ತಿಲ ಮೇಲೆ ಕೂತು ಕಾಲನ್ನೇ ನೋಡುತ್ತಿದ್ದಳು. ನೋಡ್ತಾ ನೋಡ್ತಾ ಅವಳ ಮುಖ ಬದಲಾಯಿತು.

"ಕೂಸೇ, ಮಚ್ಚ ತಕಂಬಾ."

ತಂದು ನೆಲದ ಮೇಲಿಟ್ಟೆ. ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಲ್ಲಿ ಅದರ ಹರಿತದ ಬಾಯಿಯ ಎರಡೂ ಮಗ್ಗುಲು ಸವರಿದಳು. ನನ್ನ ಬೆರಳನ್ನೂ ಹಿಡಿದು ಸವರಿಸಿದಳು.

"ಈ ಮಗ್ಗುಲು ಎಂಗದೆ?"

"ನೆಟ್ಟಗದೆ."

"ಗೋಡೆ. ಈ ಮಗ್ಗುಲು?"

"ಇಳಿಜಾರಾಗದೆ."

"ಸೂರು. ಒಂದು ಕಡೆ ಗೋಡೆ, ಒಂದೇ ಕಡೆ ಸೂರು. ಬಲಗೈಯೋರಿಗೆ ಅಂತ ಹೊಡೆದಿರೋ ಮಚ್ಚು ಕಣೇ ಇದು. ಎಡಗೈಲಿ ಹಿಡಿದ್ರೆ ಮರಕ್ಕೆ ಸೂರು ತಾಕ್ತದೆ, ಸೂರ ಮೇಲೆ ನೀರು ಬಿದ್ದಂಗೆ ಜಾರ್ತದೆ. ಬಾಳೆ ಮೆತ್ತಗಿತ್ತು, ಗೊತ್ತಾಗ್ನಿಲ್ಲ. ನಿಮ್ಮಪ್ಪ ಮಸೆದು ಮಸೆದು ಸೂರ ಇನ್ನೂ ನುಣ್ಣಗೆ ಮಾಡ್ದ." ಅವಳು ಎಷ್ಟೋ ದಿನದ ಮೇಲೆ ನಕ್ಕಳು. "ನಾನು ಆ ದೇವ್ರನ್ನ ಎಷ್ಟು ದಿನದಿಂದ ಬೈಕಂಡಿವ್ನಿ, ಪಾಪ."

ಮಾರನೆಯ ದಿನವೇ ಹನೂರಿನ ಬಸ್ಸು ಹತ್ತಿದೆವು. ಅಪ್ಪನೂ ಬಂದರು, ಮನಸ್ಸಿಲ್ಲದ ಮನಸ್ಸಿನಿಂದ.

ಕಮ್ಮಾರ ಮಾದಾಚಾರಿಯ ಕುಲುಮೆ ಹನೂರಿನ ಹೊರಗೆ ಒಂದು ಹೊಂಗೆಮರದ ಕೆಳಗಿತ್ತು. ಈ ಮಚ್ಚು ಹೊಡೆದದ್ದು ಅವನ ಅಪ್ಪ. ಮಾದಾಚಾರಿ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಬಾಯಿಯ ಉದ್ದಕ್ಕೂ ನೋಡಿದ. ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಕೊಟ್ಟ.

"ಹೊಸದು ಮಾಡ್ಕೊಡ್ಲಾ ಅವ್ವ? ಎಡಗೈಗೆ ಅಂತ್ಲೇ ಹೊಡೀತೀನಿ. ಇದ್ಯಾಕೆ ಕೆಡಿಸ್ಕತೀರಿ."

"ಮಾಡು. ನನಗೂ ಹೊಸ ಕೈ ಒಂದು ಮಾಡ್ಕೊಡು, ಎರಡನ್ನೂ ಒಟ್ಗೆ ತಕಂಡೋಯ್ತೀನಿ," ಅಂದಳು ಅಜ್ಜಿ. "ನನ್ನ ಮಚ್ಚಲ್ಲೇ ಅಂತ ಹೇಳ್ಕಂಡಿವ್ನಿ ಕಣಪ್ಪ. ಸೂರ ಈಚೆಗೆ ತಿರುಗಿಸು."

ಗಾಳಿ ಊದುವ ತಿದಿಯ ಹತ್ತಿರ ಕೂತಿದ್ದ ಅವನ ಹೆಂಡತಿ ಪುಟ್ಟಗೌರಮ್ಮ, "ಕೇಳ್ದಾ? ನಂಗೂ ಅಂಗೇ, ಹೊಸ ಸೊಂಟ ಒಂದು ಹೊಡ್ಕೊಡು," ಅಂದಳು. ಅಪ್ಪನಿಗೂ ನಗು ಬಂತು.

ಮಾದಾಚಾರಿ ನಗಲಿಲ್ಲ. "ತಿರುಗಿಸೋದು ನನ್ ಕೈಲಿಲ್ಲ ಅವ್ವ. ನಮ್ಮಪ್ಪನ ಕೈಲಿತ್ತು. ಮಚ್ಚು ಬರೀ ಉಕ್ಕಲ್ಲ. ಕಬ್ಬಿಣಕ್ಕೆ ಉಕ್ಕು ಬೆಸೆದಿರ್ತದೆ. ಕೆಲವ್ರು ಒಂದು ಮಗ್ಗುಲಿಗೆ ಬೆಸೀತಾರೆ, ಕೆಲವ್ರು ಕಬ್ಬಿಣ ಸೀಳಿ ನಡುವೆ ಇಟ್ಟು ಬೆಸೀತಾರೆ. ಮಗ್ಗುಲಲ್ಲಿದ್ರೆ ನಾನು ತಿರುಗಿಸೋಕೋದಾಗ ಉಕ್ಕೆಲ್ಲ ತೇದುಓಯ್ತದೆ. ಉಳಿಯೋದು ಬರೀ ಕಬ್ಬಿಣ. ಬದನೇಕಾಯೂ ಕುಯ್ಯಲ್ಲ."

"ನಡುವೆ ಇದ್ರೆ?"

"ಇದ್ರೆ ಮಾತಾಡಾನ."

"ನಿಮ್ಮಪ್ಪ ಎಲ್ಲಿಟ್ಟವ್ನೆ?"

"ಅವ್ನು ನನಗೇ ಹೇಳ್ನಿಲ್ಲ. ಮಚ್ಚನ್ನೇ ಕೇಳಬೇಕು."

ಕೇಳುವುದು ಹೇಗೆ ಅಂತ ನನಗೆ ಆಶ್ಚರ್ಯ. ಪುಟ್ಟಗೌರಮ್ಮ ಒಳಗಿಂದ ಒಂದು ಬಟ್ಟಲಲ್ಲಿ ಹುಣಸೇಹುಳಿ ಕಿವುಚಿ ತಂದಳು. ಮಾದಾಚಾರಿ ಮಚ್ಚಿನ ಬೆನ್ನನ್ನು ಅರದಿಂದ ತಿಕ್ಕಿ, ಸಣ್ಣ ಕಲ್ಲಿನಲ್ಲಿ ಉಜ್ಜಿ, ಎಣ್ಣೆಯ ಪಸೆ ಹೋಗುವ ಹಾಗೆ ಬೂದಿಯಿಂದ ತೊಳೆದ. ಆಮೇಲೆ ಹುಳಿಯನ್ನು ದಪ್ಪಗೆ ಬಳಿದು ನೆರಳಿನಲ್ಲಿ ಇಟ್ಟ. ನಾವೆಲ್ಲ ಸುತ್ತ ಕೂತೆವು. ಅಪ್ಪ ಎಲೆಯಡಿಕೆ ಹಾಕಿಕೊಂಡರು. ಅಜ್ಜಿ ಕಣ್ಣು ಮುಚ್ಚಿದ್ದಳು. ಅವಳ ಹದಿನಾಲ್ಕು ವರ್ಷದ ಕೆಲಸವೆಲ್ಲ ಆ ಹುಳಿಯ ಕೆಳಗಿತ್ತು.

ಮಾದಾಚಾರಿ ಒಂದು ಚೆಂಬು ನೀರು ಸುರಿದ.

ಬೆನ್ನಿನ ಎರಡು ಅಂಚು ಬೂದುಬಣ್ಣಕ್ಕೆ ಬೆಳ್ಳಗಾಗಿದ್ದವು. ಅವೆರಡರ ನಡುವೆ ಹಿಡಿಯಿಂದ ಗಿಣಿಮೂತಿಯವರೆಗೆ ಒಂದು ಕಪ್ಪು ಗೆರೆ ಹರಿದಿತ್ತು. ಮರಳಿನ ನಡುವೆ ಬೇಸಿಗೆಯ ಹೊಳೆ ಹರಿದ ಹಾಗೆ, ಅಲ್ಲಲ್ಲಿ ಸಣ್ಣಗೆ ಬಳುಕಿ, ಎಲ್ಲೂ ತುಂಡಾಗದೆ. ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಯಾರೋ ಒಬ್ಬ ಕಬ್ಬಿಣದೊಳಗೆ ಮುಚ್ಚಿಟ್ಟದ್ದು, ಅಷ್ಟು ವರ್ಷ ಅಮಾವಾಸ್ಯೆಗೊಮ್ಮೆ ಅಜ್ಜಿಯ ಕೈ ಕೆಳಗೇ ಇದ್ದದ್ದು, ಅಡುಗೆಮನೆಯ ಹುಣಸೇಹುಳಿಗೆ ಎದ್ದು ಬಂದಿತ್ತು. ಮಾದಾಚಾರಿ ಹೆಗಲ ಟವೆಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ತನ್ನ ಅಪ್ಪನೇ ಎದುರಿಗೆ ಬಂದು ನಿಂತಂತೆ.

"ನಡುವೆ ಅದೆ," ಅಂದ.

"ಮತ್ತೆ ಮಾತಾಡು," ಅಂದಳು ಅಜ್ಜಿ.

ಹಳೇ ಹಿಡಿ ಕಳಚಿದ ಮೇಲೆ ತಿದಿ ಒತ್ತುವುದಕ್ಕೆ ನಾನೂ ಕೂತೆ. ಮೊದಮೊದಲು ಗಾಳಿ ಒಂದೇ ಸಮ ಬರುತ್ತಿರಲಿಲ್ಲ. "ಎಮ್ಮೆ ಕೆಮ್ಮಿದಂಗೆ ಒತ್ತಬೇಡ ಕಣವ್ವ, ಕೂಸ ತೂಗಿದಂಗೆ ಒತ್ತು," ಅಂದಳು ಪುಟ್ಟಗೌರಮ್ಮ. ಇದ್ದಿಲೊಳಗೆ ಮಚ್ಚು ಕೆಂಪಾಯಿತು, ದಾಸವಾಳದ ಬಣ್ಣಕ್ಕೆ ಬಂತು. ಮಾದಾಚಾರಿ ಅದನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟುತ್ತಾ ಹೋದ. ದೊಡ್ಡ ಏಟಲ್ಲ, ರೊಟ್ಟಿ ತಟ್ಟಿದ ಹಾಗೆ ಸಣ್ಣ ಸಣ್ಣ ಏಟು. ಗೋಡೆ ಮೆಲ್ಲಗೆ ವಾಲಿ ಸೂರಾಯಿತು, ಸೂರು ಮೆಲ್ಲಗೆ ಎದ್ದು ಗೋಡೆಯಾಯಿತು. ಹಿಡಿಯೊಳಕ್ಕೆ ಹೋಗುವ ಬಾಲವನ್ನೂ ಎಡಗೈಯ ಗೆಣ್ಣು ತರಚದ ಹಾಗೆ ಒಂದು ಕೂದಲೆಳೆ ಆಚೆಗೆ ಬಗ್ಗಿಸಿದ. ಅದು ಬಗ್ಗುವುದನ್ನು ನೋಡಿದರೆ ಅದಕ್ಕೆ ಎಂದೂ ಗಟ್ಟಿಯಾಗಿದ್ದ ನೆನಪೇ ಇಲ್ಲವೇನೋ ಅನ್ನಿಸುತ್ತಿತ್ತು.

ಆಮೇಲೆ ಬಂತು ನೀರು ಕುಡಿಸುವ ಹೊತ್ತು. ಮಾದಾಚಾರಿ ಬಾಗಿಲಿಗೆ ಗೋಣಿ ಇಳಿಬಿಟ್ಟು ಹಗಲಲ್ಲೇ ಕತ್ತಲೆ ಮಾಡಿದ. ಬೆಳಕಿದ್ದರೆ ಕೆಂಪು ಸುಳ್ಳು ಹೇಳುತ್ತದಂತೆ.

"ಈಗ ಯಾರೂ ಮಾತಾಡ್ಬೇಡಿ. ಬಾಯಿ ಬುಟ್ರೆ 'ಟಿಣ್' ಅಂತದೆ. ಅಂದ್ರೆ ಮುಗೀತು. ಹೊಸ ಮಚ್ಚಿಗೇ ಅಂಗಾಯ್ತದೆ, ಇದು ಹಳೇದು."

"ಬಾಯಿ ಬುಡೋದು ಅಂದ್ರೆ?" ಅಂತ ಅಪ್ಪ ಕೇಳಿದರು.

"ಬಿರುಕು ಬುಡೋದು, ಬುದ್ಧಿ."

ಕತ್ತಲಲ್ಲಿ ಮಚ್ಚೊಂದೇ ಕಾಣುತ್ತಿತ್ತು. ಅದನ್ನು ಹಿಡಿದ ಇಕ್ಕಳವಾಗಲೀ ಮನುಷ್ಯನಾಗಲೀ ಇರಲಿಲ್ಲ. ಒಂದು ಕೆಂಪು ರೆಕ್ಕೆ ತಾನೇ ತಾನಾಗಿ ಗಾಳಿಯಲ್ಲಿ ತೇಲಿ ಬಂದು ಕಲ್ಲುಬಾನಿಯ ಮೇಲೆ ಒಂದು ಉಸಿರಿನಷ್ಟು ಹೊತ್ತು ನಿಂತಿತು. ಆಮೇಲೆ ಬಾಯಿ ಕೆಳಗಾಗಿ ನೀರಿಗೆ ಇಳಿಯಿತು. ನೀರು ಕೂಗಿಕೊಂಡಿತು. ಆವಿ ನನ್ನ ಮುಖಕ್ಕೆ ಬಡಿಯಿತು. ಕೂಗು ಸಣ್ಣದಾಗಿ, ಗುನುಗಾಗಿ, ನಿಂತಿತು. ನಾವು ಕಿವಿಯಾಗಿ ಕೂತೆವು. ಅಜ್ಜಿಯ ಎಡಗೈ ನನ್ನ ಮಣಿಕಟ್ಟನ್ನು ಹಿಡಿದಿತ್ತು, ನೋಯುವ ಹಾಗೆ. ಕೇಳುತ್ತಿದ್ದದ್ದು ಬಾನಿಯ ಅಂಚಿನಿಂದ ತೊಟ್ಟಿಕ್ಕುವ ನೀರು ಮಾತ್ರ.

ಮಾದಾಚಾರಿ ಗೋಣಿ ಸರಿಸಿದ. ಮಚ್ಚು ಬೂದಿಬಣ್ಣಕ್ಕೆ ತಿರುಗಿತ್ತು. ಬಾಯಿಯ ಮೇಲೆ ಉಗುರಿನಲ್ಲಿ ಗೀರಿ, ಎಲ್ಲೂ ಉಗುರು ಸಿಕ್ಕಿಕೊಳ್ಳಲಿಲ್ಲ ಅಂತ ತಲೆ ಆಡಿಸಿದ. "ಗಟ್ಟಿ ಬಂದದೆ. ಇನ್ನು ಹದ ಇಳಿಸ್ಬೇಕು. ಇಂಗೇ ಬುಟ್ರೆ ಗಾಜು, ಕಲ್ಲು ತಾಕಿದ್ರೆ ಪುಡಿ."

ಬಾಯನ್ನು ಒಂದಿಷ್ಟು ಉಜ್ಜಿ ಹೊಳಪು ಮಾಡಿ, ಬೆನ್ನಿನ ಕಡೆಯಿಂದ ಕೆಂಡಕ್ಕೆ ಹಿಡಿದ. ಆಗ ನೋಡಿದ್ದನ್ನು ನಾನು ಯಾವ ಕತೆಯಲ್ಲೂ ಕೇಳಿರಲಿಲ್ಲ. ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣಗಳು ನಡೆದು ಬಂದವು. ಮೊದಲು ಒಣಹುಲ್ಲಿನ ಬಣ್ಣ. ಅದರ ಹಿಂದೆ ಜೇನು. ಜೇನಿನ ಹಿಂದೆ ನೇರಳೆಹಣ್ಣು, ಅದರ ಹಿಂದೆ ನವಿಲಿನ ಕೊರಳು. ಒಂದನ್ನೊಂದು ತಳ್ಳಿಕೊಂಡು, ಸಾಲು ಹಿಡಿದು, ಆ ಬಿಳಿ ಕಬ್ಬಿಣದ ಮೇಲೆ. ಯಾರೂ ಬಳಿದದ್ದಲ್ಲ. ಒಳಗೇ ಇದ್ದದ್ದು.

"ಜೇನು ಬಾಯಿಗೆ ಬರ್ಲಿ," ಅಂತ ಮಾದಾಚಾರಿ ಗೊಣಗಿದ. "ನವಿಲು ಬರಬಾರ್ದು. ನವಿಲು ಬಂದ್ರೆ ಮೆತ್ತಗಾಯ್ತದೆ."

ಜೇನು ಬಾಯಿಗೆ ಮುಟ್ಟಿತು. ಮಚ್ಚನ್ನು ನೀರಿಗಿಟ್ಟ. ನನಗೆ ಅಳು ಬಂದಿತ್ತು, ಯಾಕೆಂದು ಇವತ್ತಿಗೂ ಹೇಳಲಾರೆ.

ಹೊಸ ಹಿಡಿಗೆ ಕರಿಜಾಲಿಯ ತುಂಡು ತೆಗೆದರು. ಅದಕ್ಕೆ ಮೊದಲು ಪುಟ್ಟಗೌರಮ್ಮ ಒಂದು ಉಂಡೆ ಜೇಡಿಮಣ್ಣು ನಾದಿ ತಂದು ಅಜ್ಜಿಯ ಎಡಗೈಗೆ ಕೊಟ್ಟಳು. "ಮಚ್ಚು ಹಿಡಿದಂಗೆ ಹಿಡೀರವ್ವ. ನಿಮ್ಮ ಸೊಸೆ ಜುಟ್ಟು ಹಿಡಿದಂಗಲ್ಲ."

"ನನ್ನ ಸೊಸೆಗೆ ಜುಟ್ಟಿದ್ರಲ್ವಾ," ಅಂತ ಮನೆಯಲ್ಲಿ ಉಳಿದಿದ್ದ ನಮ್ಮವ್ವನ ತೆಳ್ಳನೆ ಜಡೆ ನೆನೆದು ಅಜ್ಜಿ ಮಣ್ಣು ಹಿಂಡಿದಳು.

ಬೆರಳು ಬಿಚ್ಚಿದಾಗ ಮಣ್ಣಿನಲ್ಲಿ ಅವಳ ಕೈ ಉಳಿದಿತ್ತು. ನಾಲ್ಕು ಬೆರಳಿನ ನಾಲ್ಕು ತಗ್ಗು, ಹೆಬ್ಬೆರಳು ಒರಗುವ ಒಂದು ತಗ್ಗು, ಅಂಗೈಯ ಉಬ್ಬು. ಮಾದಾಚಾರಿ ಅದನ್ನು ಎದುರಿಗಿಟ್ಟುಕೊಂಡು ಜಾಲಿಯನ್ನು ಹಾಗೇ ಕೆತ್ತಿದ. ಕಿರುಬೆರಳಿನ ಹತ್ತಿರ ಒಂದು ಕೊಕ್ಕೆ ಬಿಟ್ಟ, ದಣಿದ ಕೈಯಿಂದ ಜಾರದಿರಲಿ ಅಂತ. ಬಾಲವನ್ನು ಕಾಯಿಸಿ ಮರದೊಳಕ್ಕೆ ಇಳಿಸಬೇಕಿತ್ತು. ಆ ಬಿಸಿ ಬಾಯಿಗೆ ಏರಿದರೆ ಬಂದ ಹದವೆಲ್ಲ ಹೋಗುತ್ತಿತ್ತು. ಅದಕ್ಕೆ ಮಚ್ಚಿನ ಮೈಯನ್ನು ಹಸಿ ಬಾಳೆದಿಂಡಿನೊಳಗೆ ಚುಚ್ಚಿ, ಬಾಲವನ್ನು ಮಾತ್ರ ಬೆಂಕಿಗೆ ಕೊಟ್ಟ. ಜಾಲಿ ಚುರುಗುಟ್ಟಿ ಹೊಗೆ ಬಿಟ್ಟು ಬಾಲವನ್ನು ನುಂಗಿಕೊಂಡಿತು. ಬುಡಕ್ಕೆ ಒಂದು ಹಿತ್ತಾಳೆ ಬಳೆ ಹಾಕಿದರು.

ಮಚ್ಚನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳ ಅಂಟಿಕೊಳ್ಳುತ್ತದಂತೆ. ಮಾದಾಚಾರಿ ಅದನ್ನು ನೆಲದ ಮೇಲಿಟ್ಟು ಹಿಂದೆ ಸರಿದ. ಅಜ್ಜಿ ಬಗ್ಗಿ ಎಡಗೈಯಲ್ಲಿ ಎತ್ತಿಕೊಂಡಳು. ಎತ್ತಿ, ಇಳಿಸಿ, ಮತ್ತೆ ಎತ್ತಿದಳು. ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಈಗ ಇದು ನನ್ನ ಗುರುತು ಹಿಡೀತದೆ," ಅಂದಳು.

ಮಸೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದೇ ಕೈಯಲ್ಲಿ ಮಸೆಯಲಾಗುವುದಿಲ್ಲ.

"ಕೈಯಾರೆ ಅಂದಿದ್ಯಲ್ಲಜ್ಜಿ. ನಾನು ಮಸೆದ್ರೆ ಆಯ್ತದಾ?"

"ಕಡಿಯೋ ಕೈ ನಂದು. ಮಸೆಯೋಳು ಯಾರು? ಯಾರನ್ನ ಕೊಡು ಅಂತ ಕೇಳ್ಕಂಡಿದ್ನೋ ಅವಳೇ. ಅದ್ಕೂ ಬ್ಯಾಡ ಅಂದ್ರೆ ಮಾದಪ್ಪನಂತ ಜಿಪುಣ ಇನ್ನೊಬ್ಬ ಇಲ್ಲ."

ಬಾವಿಕಟ್ಟೆಯ ಹತ್ತಿರ ಸಾಣೆಕಲ್ಲು ಹಾಕಿಕೊಂಡು ಕೂತೆ. ಮೊದಲ ದಿನ ಬರೀ ಬೈಗುಳ. ಎತ್ತಿ ಹಿಡಿಯಬೇಡ, ಒತ್ತಬೇಡ, ನೀರು ಬಿಡು. "ಕಣ್ಣಲ್ಲಿ ನೋಡ್ಬೇಡ, ಕಿವೀಲಿ ಕೇಳು," ಅಂದಳು. ನಿಜವಾಗಿ ಒಂದು ದನಿ ಇತ್ತು. ಸೂರು ಕಲ್ಲಿನ ಮೇಲೆ ಸರಿಯಾಗಿ ಕೂತಾಗ ಕಲ್ಲು ಉದ್ದಕ್ಕೆ ಉಸಿರು ಬಿಡುತ್ತಿತ್ತು. ಸ್ವಲ್ಪ ಓರೆಯಾದರೆ ಕೊಸರುತ್ತಿತ್ತು. ಗೋಡೆಯ ಮಗ್ಗುಲನ್ನು ಮಾತ್ರ ಕಲ್ಲಿಗೆ ಪೂರ್ತಿ ಮಲಗಿಸಿ ಒಂದೆರಡು ಸಲ ಎಳೆಯಬೇಕು, ಅಷ್ಟೆ. ನನ್ನ ಮೊಣಕಾಲ ಮೇಲೆ ಬೂದುಬಣ್ಣದ ಕೆಸರು, ಬೆರಳ ತುದಿಯೆಲ್ಲ ನುಣ್ಣಗೆ. ದಿನ ಕಳೆದ ಹಾಗೆ ಬಾಯಿ ಇದೆಯೋ ಇಲ್ಲವೋ ಅನ್ನುವ ಹಾಗಾಯಿತು. ಬೆಳಕಿಗೆ ಹಿಡಿದರೆ ಅಲ್ಲಿ ಗೆರೆಯೇ ಕಾಣುತ್ತಿರಲಿಲ್ಲ, ಕಬ್ಬಿಣ ನಿಂತು ಗಾಳಿ ಶುರುವಾಗುತ್ತಿತ್ತು. ಅಜ್ಜಿ ಒಂದು ಹತ್ತಿಯ ಎಳೆ ಅದರ ಮೇಲೆ ಬಿಟ್ಟಳು. ಎಳೆ ಎರಡಾಗಿ ಬಿತ್ತು.

"ಗಾಡಿ ಕಟ್ಟು ಅಂತೇಳು ನಿಮ್ಮಪ್ಪಂಗೆ."

ದೀಪಾವಳಿ ಹತ್ತಿರವಿತ್ತು. ಮಳೆ ನಿಂತು ಬೆಟ್ಟವೆಲ್ಲ ಹಸಿರು. ತಾಳಬೆಟ್ಟದಲ್ಲಿ ಗಾಡಿ ಬಿಟ್ಟು ನಡೆದೆವು. ಅಜ್ಜಿ ಕಾಲು ಎಳೆಯುತ್ತಾ, ನನ್ನ ಭುಜ ಹಿಡಿದು, ಅಲ್ಲಲ್ಲಿ ಕೂತು, ಬಂದಳು. ಅವಳೇ ಬಿಡಿಸಿದ ಹಾದಿ ಅದು. ಎರಡು ಕಡೆಯೂ ಮೆಳೆ, ನಡುವೆ ಅವಳ ಅಗಲಕ್ಕೆ ಒಂದು ಬಯಲು. ಕೊನೆಯಲ್ಲಿ ತಾಯಿಬಳ್ಳಿ, ಮೇಲಿನ ಮರಗಳಿಗೆಲ್ಲ ಹಬ್ಬಿ, ಮುಳ್ಳಿನ ಪರದೆ ಇಳಿಬಿಟ್ಟುಕೊಂಡು. ಪರದೆಯ ಆಚೆ ನೀರಿನ ತಂಪು ಮಾತ್ರ ಬರುತ್ತಿತ್ತು.

ಅಪ್ಪ ತಮ್ಮ ಕೊಡಲಿಯನ್ನೂ ತಂದಿದ್ದರು. ಅಜ್ಜಿ ಅದನ್ನು ನೋಡಿದಳು.

"ಅದ್ಯಾಕ್ಲಾ ತಂದೆ?"

"ಸುಮ್ನೆ."

"ಸುಮ್ನೆ ತಂದದ್ದ ಸುಮ್ನೆ ಅಲ್ಲಿ ಇಟ್ಬುಟ್ಟು ಬಾ."

ಅಪ್ಪ ದೂರ ಹೋಗಿ ಬಂಡೆಗೆ ಒರಗಿಸಿ ಬಂದರು. ಅಜ್ಜಿ ಕಾಲು ಅಗಲಿಸಿ ನಿಂತಳು. ಬಲಗಾಲಿಗೆ ನಾನು ಒಂದು ಕಲ್ಲು ಒತ್ತುಕೊಟ್ಟೆ. "ಮಾದೇವ," ಅಂತ ಒಂದು ಸಲ ಅಂದು, ಎಡಗೈ ಎತ್ತಿದಳು.

ಮಚ್ಚು ಇಳಿಯಿತು. ಜಾರಲಿಲ್ಲ. 'ಕಚ್' ಅಂತ ಒಂದು ಮೊಂಡು ಸದ್ದು, ಮಚ್ಚು ಬಳ್ಳಿಯೊಳಗೆ ನಿಂತುಬಿಟ್ಟಿತು, ಅರ್ಧ ಬಾಯಿ ಮುಳುಗಿ. ಅಪ್ಪನ ಕೈ ತಾನಾಗಿ ಮುಂದೆ ಬಂತು, ಹಾಗೇ ಹಿಂದೆ ಹೋಯಿತು. ಅಜ್ಜಿ ಹಿಡಿಯನ್ನು ಮೇಲೆ ಕೆಳಗೆ ಅಲುಗಿಸಿ ಬಿಡಿಸಿಕೊಂಡಳು. ಗಾಯದಿಂದ ಬಳ್ಳಿಯ ನೀರು ಜಿನುಗಿತು. ಎರಡನೇ ಏಟು ಕೆಳಗಿನಿಂದ ಓರೆಯಾಗಿ. ಒಂದು ಚಕ್ಕೆ ಹಾರಿ ನನ್ನ ಕಾಲ ಹತ್ತಿರ ಬಿತ್ತು, ಒಳಮೈ ಹಾಲಿನ ಬಿಳಿ. ಮೇಲಿನಿಂದ ಒಂದು, ಕೆಳಗಿನಿಂದ ಒಂದು. ಪ್ರತಿ ಏಟಿಗೂ ಮೇಲಿನ ಮುಳ್ಳಿನ ಪರದೆಯೆಲ್ಲ ನಡುಗಿ ಒಣ ಎಲೆ ಉದುರುತ್ತಿತ್ತು. ಅವಳು ಉಸಿರು ಸಿಕ್ಕದೆ ನಿಂತಳು. ಕೂತಳು. ಚೆಂಬಿನ ನೀರು ಕೊಡಹೋದರೆ ತಲೆ ಅಲ್ಲಾಡಿಸಿದಳು, ನೀರು ಅಲ್ಲಿ ಅದೆ ಅಂತ ಪರದೆಯ ಆಚೆಗೆ ಗದ್ದ ಎತ್ತಿ ತೋರಿಸಿದಳು. ಮತ್ತೆ ಎದ್ದಳು.

ಆ ಸಣ್ಣ ಒಣಗಿದ ಮುದುಕಿಯಿಂದ ಆ ಏಟುಗಳು ಬರುತ್ತಿದ್ದವು ಅಂತ ನಂಬುವುದು ಕಷ್ಟ. ಭುಜದಿಂದ ಹೊರಟು ಮೊಣಕೈಗೆ, ಅಲ್ಲಿಂದ ಅಂಗೈಗೆ, ಅಂಗೈಯಿಂದ ಜಾಲಿಗೆ, ಜಾಲಿಯಿಂದ ಉಕ್ಕಿಗೆ. ಎಲ್ಲಿ ಅವಳು ಮುಗಿದು ಎಲ್ಲಿ ಮಚ್ಚು ಶುರುವಾಗುತ್ತಿತ್ತೋ ನನಗೆ ತಿಳಿಯಲಿಲ್ಲ. ಸತ್ತ ಬಲಗೈ ಪಕ್ಕದಲ್ಲಿ ತೂಗುತ್ತಾ, ಪ್ರತಿ ಏಟಿಗೂ ಒಂದಿಷ್ಟು ಹಿಂದೆ ಮುಂದೆ ಆಡುತ್ತಿತ್ತು, ತಾನೂ ಬಂದಿದ್ದೇನೆ ಅನ್ನುವ ಹಾಗೆ.

ಬಳ್ಳಿ ಒಂದು ನಾರಿನ ಮೇಲೆ ನಿಂತಿತು. ಕಟಕಟ ಸದ್ದು ಮಾಡಿತು.

"ಇತ್ತಾಗಿ ಬಾ ಕೂಸೇ," ಅಂತ ನನ್ನನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿ, ಅಜ್ಜಿ ಕೊನೆಯ ಏಟು ಹಾಕಿದಳು. ನಾರು ಹರಿಯಿತು. ಮೇಲಿನ ಭಾರವೆಲ್ಲ ಒಮ್ಮೆಗೇ ಇಳಿಜಾರಿನ ಕಡೆಗೆ ಜಾರಿ, ಮುಳ್ಳು, ಎಲೆ, ಹಕ್ಕಿಗೂಡು ಎಲ್ಲ ಎಳೆದುಕೊಂಡು ಕೆಳಗೆ ಹೋಯಿತು. ಅದು ಬಿದ್ದ ಸದ್ದು ನಿಂತ ಮೇಲೆ ನಮ್ಮ ಎದುರಿಗೆ ಬಂಡೆ ಇತ್ತು, ಬಂಡೆಯೊಳಗೆ ದೊಣೆ, ದೊಣೆಯಲ್ಲಿ ತುಂಬಿದ ನೀರು, ಅಲ್ಲಿಗೆ ನೆಟ್ಟಗೆ ಹೋಗುವ ಹಾದಿ.